ತೊಳೆಯಬೇಡಿ ಎಂದವನು

ಶೈಲಕ್ಕನ ಪೂಜೆಯ ಬಟ್ಟಲಿನಲ್ಲಿ ಸೀಸದ ಧೂಳು ಇತ್ತು. ಅದನ್ನು ಅಲ್ಲಿಗೆ ತಂದವನು ನಾನು. ಅದು ವಿಷ ಎಂದು ನನಗೆ ತಿಳಿದ ಮೇಲೂ, ಆಕೆ ಬಸುರಿ ಎಂದು ಗೊತ್ತಿದ್ದೂ, ನನ್ನ ಕಣ್ಣೆದುರೇ ಆಕೆ ಆ ಬಟ್ಟಲಿನ ಪಂಚಾಮೃತ ಕುಡಿಯುವುದನ್ನು ನೋಡುತ್ತ ನಿಂತೆ. ಬರೀ ನಿಂತದ್ದಲ್ಲ — ಎಲ್ಲರನ್ನೂ ನಗಿಸಿದೆ.

ಇಷ್ಟೇ. ಇದನ್ನು ಓದಿ ನೀವು ಕ್ಷಮಿಸುವ ಅವಸರ ಮಾಡಬೇಡಿ. ಕ್ಷಮಿಸುವವರು ನನಗೆ ಈಗಾಗಲೇ ಬೇಕಾದಷ್ಟು ಸಿಕ್ಕಿದ್ದಾರೆ. "ಆಗ ನೀನು ಸಣ್ಣವ", "ಬೇಕಂತ ಮಾಡಿದ್ದಲ್ಲ ಅಲ್ವಾ", "ಮಗು ಚೆನ್ನಾಗೇ ಇದೆಯಲ್ಲ" — ಇವು ಮೂರೂ ನನಗೆ ಬಾಯಿಪಾಠ, ಯಾರು ಯಾವ ದನಿಯಲ್ಲಿ ಹೇಳಿದರು ಎನ್ನುವುದರ ಸಮೇತ. ಬೇಕಾದರೆ ಮಾಡಿ ತೋರಿಸುತ್ತೇನೆ. ಆದರೆ ಒಪ್ಪುವುದಿಲ್ಲ.

ಮಾಡಿ ತೋರಿಸುವುದೇ ನನ್ನ ಕಸುಬು. ಅಂದರೆ ಹೊಟ್ಟೆಪಾಡಿನ ಕಸುಬಲ್ಲ, ಚಟ. ಕಾರ್ಕಳದ ಶಾಲೆಯಲ್ಲಿ ಹೆಡ್ಮಾಸ್ಟರ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆನೆಂದರೆ, ಗೋಡೆಯಾಚೆಯಿಂದ ಕೆಮ್ಮಿದರೆ ಇಡೀ ಏಳನೇ ಕ್ಲಾಸು ಎದ್ದು ನಿಲ್ಲುತ್ತಿತ್ತು. ಕುವೈತಿಗೆ ಬಂದ ಮೇಲೆ ಸರಕು ಹೆಚ್ಚಾಯಿತು. ಹಿಂದಿ ಮಾತಾಡುವ ಈಜಿಪ್ಟಿನವರು, ಅರಬ್ಬಿ ಮಾತಾಡುವ ಮಲಯಾಳಿಗಳು, ಇಂಗ್ಲಿಷಿನಲ್ಲಿ ಬೈದು ಕನ್ನಡದಲ್ಲಿ ಮುದ್ದು ಮಾಡುವ ಮೈಸೂರಿನ ಅಮ್ಮಂದಿರು, ಏನೂ ಮಾತಾಡದೆ ಜಪಮಾಲೆ ತಿರುಗಿಸುವ, ನಮಗೆ ವೀಸಾ ಕೊಟ್ಟ ಕುವೈತಿ ಕಫೀಲ್ — ಅವರ ಮೌನವನ್ನೂ ಮಾಡುತ್ತೇನೆ, ಜನ ಬಿದ್ದು ಬಿದ್ದು ನಗುತ್ತಾರೆ. ನನ್ನನ್ನೂ ಬಿಟ್ಟಿಲ್ಲ. ತುಳು ಹುಡುಗ ಮೈಸೂರು ಕನ್ನಡ ಆಡಲು ಹೋಗಿ ಪುಸ್ತಕದ ಭಾಷೆಗೆ ಬಿದ್ದು ಒದ್ದಾಡುವುದು — ಅದು ನನ್ನ ಅತ್ಯಂತ ಬೇಡಿಕೆಯ ಐಟಂ.

ಹೊಟ್ಟೆಪಾಡು ಬೇರೆ. ಒಂದು ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪು, ಶುವೈಖಿನ ಗ್ಯಾರೇಜುಗಳ ನಡುವೆ. ಕ್ಲಬ್ಬಿನ ಸದಸ್ಯರು ಮರಳುಗಾಡಿನ ಬದಿಯ ರೇಂಜಿನಲ್ಲಿ ಗುರಿಗೆ ಗುಂಡು ಹೊಡೆಯುತ್ತಾರೆ. ಹೊಡೆದ ಮೇಲೆ ಬೀಳುವ ಹಿತ್ತಾಳೆಯ ಖಾಲಿ ಕೇಸುಗಳು, ಅಂದರೆ ತೋಟಾದ ಚಿಪ್ಪುಗಳು, ಬಕೆಟ್ಟುಗಟ್ಟಲೆ ನಮ್ಮಲ್ಲಿಗೆ ಬರುತ್ತವೆ. ಅವುಗಳ ಮಸಿ ತೆಗೆದು ಫಳಫಳ ಮಾಡಿ ಕೊಡುವುದು ನನ್ನ ಕೆಲಸ. ಬಿರುಕು ಬಿಟ್ಟದ್ದನ್ನು ಆರಿಸಿ, ಉಳಿದದ್ದನ್ನು ಮತ್ತೆ ತುಂಬಲು ತಯಾರು ಮಾಡುವುದು ಉಸ್ತಾದ್ ಸಬ್ರಿಯ ಕೆಲಸ. ಸಬ್ರಿ ಅಲೆಕ್ಸಾಂಡ್ರಿಯಾದವರು, ಹಳೆಯ ಬಂದೂಕು ರಿಪೇರಿಯವರು, ಮುಂಬೈ ಹುಡುಗರ ಜೊತೆ ಕೆಲಸ ಮಾಡಿ ಹಿಂದಿ ಕಲಿತವರು. ನನ್ನ ಹೆಸರು ಸಂತೋಷ್. ಅವರ ಬಾಯಲ್ಲಿ ಸಂತೋಸ್.

ಕೇಸು ತೊಳೆಯುವ ಯಂತ್ರಕ್ಕೆ ಟಂಬ್ಲರ್ ಎನ್ನುತ್ತಾರೆ. ಊರಲ್ಲಿ ಅಮ್ಮನಿಗೆ ಫೋನಿನಲ್ಲಿ "ನಾನು ಟಂಬ್ಲರ್ ಕೆಲಸ" ಎಂದಾಗ ಅವಳು ಹೋಟೆಲಿನಲ್ಲಿ ಲೋಟ ತೊಳೆಯುವುದೆಂದು ತಿಳಿದು ಬೇಜಾರು ಮಾಡಿಕೊಂಡಿದ್ದಳು. ನಮ್ಮ ಹಳೆಯ ಟಂಬ್ಲರ್ ಒಣ ಜಾತಿಯದು. ಸ್ಪ್ರಿಂಗಿನ ಮೇಲೆ ಕೂತ ಒಂದು ದೊಡ್ಡ ಪ್ಲಾಸ್ಟಿಕ್ ಬೋಗುಣಿ, ಅಡಿಯಲ್ಲಿ ಮೋಟಾರು. ಬೋಗುಣಿಗೆ ಜೋಳದ ದಿಂಡಿನ ತರಿ ಹಾಕಬೇಕು, ಮೇಲೆ ಒಂದು ಚಮಚ ಕಾರ್ ಪಾಲಿಶು, ಆಮೇಲೆ ಕೇಸುಗಳು. ಸ್ವಿಚ್ಚು ಒತ್ತಿದರೆ ಇಡೀ ಬೋಗುಣಿ ಮೈಮೇಲೆ ಬಂದವರಂತೆ ಗಡಗಡ ನಡುಗುತ್ತದೆ. ಕೆಲವು ಗಂಟೆ ನಡುಗಿ ನಡುಗಿ, ತರಿ ಕೇಸಿನ ಮೈ ಉಜ್ಜಿ ಉಜ್ಜಿ, ಮಸಿಯೆಲ್ಲ ಹೋಗಿ ಹೊಸ ಮದುಮಗಳಂತೆ ಹೊರಗೆ ಬರುತ್ತವೆ. ಹೋದ ಮಸಿ ಎಲ್ಲಿಗೆ ಹೋಗುತ್ತದೆ? ತರಿಯೊಳಗೆ. ಜರಡಿ ಹಿಡಿದಾಗ ಬೂದು ಧೂಳಾಗಿ ಏಳುತ್ತದೆ. ಸಬ್ರಿ ದೂರದಿಂದಲೇ ಕೂಗುತ್ತಿದ್ದರು —

"ಯೇ ಗುಬಾರ್ ಜಹರ್ ಹೈ, ಸಂತೋಸ್! ಕಮ್ಮಾಮ್ ಲಗಾವ್!"

ಈ ಧೂಳು ವಿಷ, ಮೂಗಿಗೆ ಮಾಸ್ಕು ಹಾಕು — ಎಂದು. ದಿನಾ ಕೂಗುತ್ತಿದ್ದರು. ದಿನಾ ಕೇಳಿ ನಾನು ಏನು ಮಾಡಿದೆ? ಮಾಸ್ಕು ಹಾಕಲಿಲ್ಲ. ಐಟಂ ಮಾಡಿದೆ. ಹೊಟ್ಟೆ ಮುಂದೆ ದೂಡಿ, ಬೆರಳುಗಳನ್ನು ಮೊಗ್ಗಿನ ಹಾಗೆ ಜೋಡಿಸಿ, ಗಂಟಲಿನ ಆಳದಿಂದ "ಜಹರ್ ಹೈ ಸಂತೋಸ್!" — ನಮ್ಮ ಕನ್ನಡದವರ ಕೂಟಗಳಲ್ಲಿ ಅದಿಲ್ಲದೆ ಕಾರ್ಯಕ್ರಮವೇ ಮುಗಿಯುತ್ತಿರಲಿಲ್ಲ. ಮಕ್ಕಳು ಸಹ ಹೇಳುತ್ತಿದ್ದವು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು — ಸಬ್ರಿಯ ಹಿಂದಿಯನ್ನು ಮಾತ್ರ ತಪ್ಪಿಲ್ಲದೆ ಒಪ್ಪಿಸುತ್ತಿದ್ದವು.

ಹಾಗಾಗಿ "ನನಗೆ ಗೊತ್ತಿರಲಿಲ್ಲ" ಎಂದು ಹೇಳುವ ಸೌಕರ್ಯವೂ ನನಗಿಲ್ಲ. ವಿಷ ಎಂಬ ಮಾತು ನನ್ನ ಬಾಯಲ್ಲೇ ಇತ್ತು. ಸಾವಿರ ಸಲ ಹೇಳಿದ್ದೆ. ಒಂದು ಸಲ ಕೇಳಿಸಿಕೊಂಡಿರಲಿಲ್ಲ — ಅಷ್ಟೇ.

ಶೈಲಕ್ಕ ಮೈಸೂರಿನವರು. ಸಾಲ್ಮಿಯಾದಲ್ಲಿ ಫ್ಲ್ಯಾಟು. ಬ್ಯಾಂಕಿನಲ್ಲಿ ಕೆಲಸ, ಗಂಡ ಗುರುರಾಜ್ ಸಿವಿಲ್ ಎಂಜಿನಿಯರು. ಯಾವುದೋ ಯುಗಾದಿ ಕೂಟದಲ್ಲಿ ನನ್ನ ಮಿಮಿಕ್ರಿ ನೋಡಿ, "ಏನೋ, ಊಟ ಮಾಡಿದೀಯೋ ಇಲ್ಲ ಬರೀ ಮಾತಲ್ಲೇ ಹೊಟ್ಟೆ ತುಂಬಿಸ್ಕೋತೀಯೋ?" ಎಂದು ಕೇಳಿದವರು. ಅವತ್ತಿನಿಂದ ಶುಕ್ರವಾರದ ಊಟ ಅವರ ಮನೆಯಲ್ಲಿ. ನಾನು ಅವರನ್ನೇ ಅಣಕಿಸುತ್ತ ಅವರ ಬಿಸಿಬೇಳೆಬಾತು ತಿನ್ನುತ್ತಿದ್ದೆ. "ತಿನ್ನೋ, ತಿನ್ನೋ, ನನ್ನನ್ನೇ ಆಡ್ಕೊಂಡು ನನ್ನನ್ನೇ ತಿನ್ನು" ಎಂದು ಇನ್ನೊಂದು ಸೌಟು ಹಾಕುತ್ತಿದ್ದರು.

ಒಂದು ಶುಕ್ರವಾರ ಆಕೆ ದೇವರ ಮುಂದಿನ ಹಿತ್ತಾಳೆ ಸಾಮಾನು ಹರಡಿಕೊಂಡು ಕೂತಿದ್ದರು — ದೀಪ, ಆರತಿ ತಟ್ಟೆ, ಪಂಚಪಾತ್ರೆ, ಉದ್ಧರಣೆ, ಪಂಚಾಮೃತದ ಬಟ್ಟಲು. ಹುಣಸೆಹಣ್ಣು ತಿಕ್ಕಿ ತಿಕ್ಕಿ ಬೆರಳ ತುದಿ ಸುಕ್ಕುಗಟ್ಟಿತ್ತು. ಇಲ್ಲಿಯ ನೀರಿನಲ್ಲಿ ಎಷ್ಟು ತಿಕ್ಕಿದರೂ ನಾಲ್ಕೇ ದಿನ, ಮತ್ತೆ ಕಪ್ಪು. ನಾನು ನಕ್ಕೆ. ಜೇಬಿನಿಂದ ಒಂದು ಕೇಸು ತೆಗೆದು ಆಕೆಯ ಮುಂದೆ ಹಿಡಿದೆ. ಕನ್ನಡಿ ಹಾಗಿತ್ತು.

"ಅಯ್ಯೋ, ಇದ್ಯಾವ ಚಿನ್ನವೋ?"

"ಹಿತ್ತಾಳೆ ಅಕ್ಕಾ. ನಿಮ್ಮ ದೇವರ ಸಾಮಾನು ನನ್ನ ಕೈಗೆ ಕೊಡಿ. ನಮ್ಮ ಮೆಷಿನ್ನು ಮಾಡಿ ಕೊಡ್ತದೆ."

"ಗುಂಡು ತಿಕ್ಕೋ ಮೆಷಿನ್ನಲ್ಲಿ ದೇವ್ರ ಸಾಮಾನಾ? ಥೂ, ಮಡಿ ಅಲ್ವೋ."

"ಮೆಷಿನ್ನಿಗೆ ಎಂತ ಮೈಲಿಗೆ ಮಾರಾಯ್ರೆ? ಅದು ಏನೂ ತಿನ್ನುವುದಿಲ್ಲ, ನಡುಗುತ್ತದೆ ಅಷ್ಟೇ. ನಿಮ್ಮ ಭಟ್ಟರಿಗಿಂತ ಮಡಿ ಅದು."

ಗುರುರಾಜ್ ನಕ್ಕರು. ಶೈಲಕ್ಕನೂ ನಕ್ಕರು. ಸಾಮಾನು ಚೀಲಕ್ಕೆ ಬಿತ್ತು. ಮರುದಿನ ಕೇಸುಗಳನ್ನು ತೆಗೆದು, ಅದೇ ತರಿಗೆ — ಬದಲಿಸಲೂ ಇಲ್ಲ, ಅದೇ ಬೂದು ತರಿಗೆ — ದೇವರ ಸಾಮಾನು ಹಾಕಿ ಸ್ವಿಚ್ಚು ಒತ್ತಿದೆ. ತಂದುಕೊಟ್ಟಾಗ ಆಕೆ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು — ಸಹಜವಾಗಿ, ಯಾರಾದರೂ ಕೇಳುವಂತೆ —

"ಒಂದ್ಸಲ ತೊಳೆದುಬಿಡ್ಲಾ?"

"ತೊಳೀಬೇಡಿ ಅಕ್ಕಾ, ಹೊಳಪು ಹೋಗುತ್ತೆ. ಬಟ್ಟೆಯಲ್ಲಿ ಒರಸಿ, ಸಾಕು."

ಅದು ನಾನು ಹೇಳಿದ್ದು. ಮೈಸೂರು ಕನ್ನಡದಲ್ಲೇ ಹೇಳಿದೆ, "ಹೋಗುತ್ತೆ" ಎಂದು — ಅವರದೇ ರಾಗದಲ್ಲಿ, ಅವರಿಗೆ ನಗು ಬರಲಿ ಎಂದು. ತೊಳೆದಿದ್ದರೆ ಪಾಲಿಶಿನ ಪದರ ಹೋಗಿ ಹೊಳಪು ಸ್ವಲ್ಪ ಮಂಕಾಗುತ್ತಿತ್ತು, ಅಷ್ಟೇ. ಧೂಳೂ ಬಹುಪಾಲು ಹೋಗುತ್ತಿತ್ತು. ಎರಡು ನೀರು, ಸ್ವಲ್ಪ ಸೋಪು — ಈ ಬರಹವೇ ಬೇಕಾಗುತ್ತಿರಲಿಲ್ಲ. ಆದರೆ ನನಗೆ ಹೊಳಪಿನದೇ ಚಿಂತೆ. ಆಕೆ ಎರಡು ಹನಿ ನೀರು ಪ್ರೋಕ್ಷಣೆ ಮಾಡಿ, ಒರಸಿ, ದೇವರ ಮುಂದೆ ಇಟ್ಟರು. ಮರುದಿನದಿಂದ ಆ ಪಂಚಪಾತ್ರೆಯ ತೀರ್ಥ, ಅದೇ ಉದ್ಧರಣೆಯಲ್ಲಿ, ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುಂಚೆ. ತಿಂಗಳಿಗೊಮ್ಮೆ ನಾನು ಮತ್ತೆ ಒಯ್ದು ಪಾಲಿಶು ಮಾಡಿ ತರುತ್ತಿದ್ದೆ.

ಬೇರೆ ಮನೆಯವರೂ ಕೊಡತೊಡಗಿದರು. ನನಗೊಂದು ಹೆಸರು ಬಂತು — ಪಾಲಿಶ್ ಸಂತು. ನಿಜ ಹೇಳಬೇಕೆಂದರೆ, ಅಷ್ಟು ಕಾಲ ಈ ಎಂಜಿನಿಯರು-ಡಾಕ್ಟರುಗಳ ಮನೆಗಳಲ್ಲಿ ನಾನು ನಗಿಸಲು ಕರೆಯುವ ಹುಡುಗ. ಈಗ ದೇವರ ಕೋಣೆಯವರೆಗೂ ಹೋಗಬಹುದಾದ ಹುಡುಗನಾದೆ. ಅದು ನನಗೆ ಇಷ್ಟವಾಗಿತ್ತು. ತುಂಬಾ ಇಷ್ಟವಾಗಿತ್ತು.

ಶೈಲಕ್ಕ ಬಸುರಿ ಎಂದು ಗೊತ್ತಾದದ್ದು ಆ ಚಳಿಗಾಲದಲ್ಲಿ. ಮದುವೆಯಾಗಿ ಬಹಳ ವರ್ಷದ ಮೇಲೆ. ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಪೂಜೆಯ ವಾರವೇ ಸಾಮಾನೆಲ್ಲ ಇನ್ನೊಮ್ಮೆ ನನ್ನ ಕೈಗೆ ಬಂತು, ನಡುಗುವ ಬೋಗುಣಿಗೆ ಹೋಯಿತು, ಹೊಳೆಯುತ್ತ ಮರಳಿತು. ಅದೇ ವಾರ ನಮ್ಮ ಬೋಗುಣಿಯ ಮೋಟಾರು ಸುಟ್ಟುಹೋಯಿತು.

ಹೊಸ ಟಂಬ್ಲರ್ ಯಾವುದು ತರಬೇಕು ಎಂದು ನೋಡಿ ಹೇಳು ಎಂದರು ಮ್ಯಾನೇಜರು, ನನಗೆ. ಜಂಬ ಬಂತು. ಮೊಬೈಲು ಹಿಡಿದು ಕೂತೆ. ಎರಡು ದಾರಿ ಇದ್ದವು. ಒಂದು — ಇದ್ದಂಥದ್ದೇ ಒಣ ಜಾತಿ, ಇನ್ನೂ ದೊಡ್ಡದು. ಇನ್ನೊಂದು — ಒದ್ದೆ ಜಾತಿ: ರಬ್ಬರು ಒಳಪದರದ ಡ್ರಮ್ಮು, ಅದರೊಳಗೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಚಿಟಿಕೆ ನಿಂಬೆ ಉಪ್ಪು, ಕೂದಲಿನಷ್ಟು ಸಪೂರದ ಉಕ್ಕಿನ ಸಣ್ಣ ಸಣ್ಣ ಕಡ್ಡಿಗಳು. ಡ್ರಮ್ಮು ಮೆಲ್ಲಗೆ ಉರುಳುತ್ತದೆ. ಕಡ್ಡಿಗಳು ಕೇಸಿನ ಒಳಹೊಕ್ಕು ಮೂಲೆ ಮೂಲೆ ಉಜ್ಜುತ್ತವೆ. ಕಷ್ಟ ಏನೆಂದರೆ ಆಮೇಲೆ ಕಡ್ಡಿಗಳನ್ನು ಅಯಸ್ಕಾಂತದಲ್ಲಿ ಎತ್ತಿ ಬೇರೆ ಮಾಡಬೇಕು, ಒಂದೊಂದೂ ಕೇಸಿನ ಒಳಗೆ ಸಿಕ್ಕಿಕೊಂಡಿದೆಯಾ ನೋಡಬೇಕು, ಒಣಗಿಸಬೇಕು. ವಿಡಿಯೋದವನು "ಒಣಗಲು ಬಹಳ ಹೊತ್ತು" ಎಂದು ಗೋಳಾಡುತ್ತಿದ್ದ. ಪಾಪ, ಅವನು ಕುವೈತಿನ ಬಿಸಿಲು ನೋಡಿಲ್ಲ. ನಾನು ಸೋಮಾರಿ. ಒಣ ಜಾತಿಗೇ ಮನಸ್ಸು ಮಾಡಿದ್ದೆ — ಆಗ ಆ ವಿಡಿಯೋದವನೇ, ಎರಡನ್ನೂ ಹೋಲಿಸುತ್ತ, ಮಾಸ್ಕು ಕೈಗವಸು ತೋರಿಸುತ್ತ ಹೇಳಿದ. ಕೇಸಿನ ಹಿಂಬದಿಯಲ್ಲಿ ಕಿಡಿ ಹಚ್ಚುವ ಮದ್ದಿನಲ್ಲಿ ಸೀಸ ಇರುತ್ತದೆ. ಸುಟ್ಟ ಮೇಲೆ ಅದು ಮಸಿಯಲ್ಲಿ ಉಳಿಯುತ್ತದೆ, ಒಣ ತರಿಯಲ್ಲಿ ಧೂಳಾಗುತ್ತದೆ. ಮಕ್ಕಳನ್ನು, ಬಸುರಿಯರನ್ನು ಹತ್ತಿರ ಬಿಡಬೇಡಿ. ಅಡುಗೆ ಪಾತ್ರೆಗಳನ್ನು ಈ ಯಂತ್ರಕ್ಕೆ ಯಾವತ್ತೂ ಹಾಕಬೇಡಿ.

ಮೊಬೈಲು ಕೆಳಗಿಟ್ಟೆ. ಸಬ್ರಿಯ ಹತ್ತಿರ ಹೋದೆ.

"ಉಸ್ತಾದ್, ಈ ಧೂಳು... ನಿಜವಾಗಿ ಜಹರಾ?"

ಅವರು ಕನ್ನಡಕದ ಮೇಲಿಂದ ನೋಡಿದರು. ನಾನು ಅವರನ್ನು ಅಣಕಿಸಲು ಬಂದೆ ಎಂದುಕೊಂಡರು. "ರೂಹ್, ಯಾ ಕಸ್ಲಾನ್," ಎಂದರು — ಹೋಗೋ ಸೋಮಾರಿ. ಮತ್ತೆ ನನ್ನ ಮುಖ ನೋಡಿ, ಮೆಲ್ಲಗೆ: "ಮೈ ಕ್ಯಾ ರೋಜ್ ಗಾನಾ ಗಾತಾ ಥಾ?" ದಿನಾ ನಾನೇನು ಹಾಡು ಹೇಳುತ್ತಿದ್ದೆನಾ?

ಒದ್ದೆ ಜಾತಿಯನ್ನೇ ತರಿಸಿ ಎಂದೆ ಮ್ಯಾನೇಜರಿಗೆ. ಯಾಕೆ ಎಂದರು. ಒಳಗೂ ಹೊಳೆಯುತ್ತದೆ ಸಾರ್, ಎಂದೆ. ಸೀಸದ ಮಾತು ಎತ್ತಲಿಲ್ಲ. ಎತ್ತಿದರೆ ಆ ಹಳೆಯ ಬೋಗುಣಿಯಲ್ಲಿ ನಾನು ಬೇರೇನೇನು ಹಾಕಿದ್ದೆ ಎಂದು ಯಾರಾದರೂ ನೆನಪಿಸಬಹುದಿತ್ತು. ಹಾಗೆ ನೋಡಿದರೆ ನನ್ನ ಮೊದಲ ಮುಚ್ಚುಮರೆ ಅಲ್ಲೇ — ಸರಿಯಾದ ಯಂತ್ರವನ್ನು ಆರಿಸಿದೆ, ಸುಳ್ಳು ಕಾರಣ ಕೊಟ್ಟು.

ಶೈಲಕ್ಕನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಪೂಜೆಯ ದಿನ ಹೋಗಿ ಬದಿಗೆ ಕರೆದು ಹೇಳುತ್ತೇನೆ ಎಂದುಕೊಂಡೆ. ಹೋದಾಗ ಆಕೆ ಗಂಡನ ಪಕ್ಕ ಮಣೆಯ ಮೇಲೆ ಕೂತಾಗಿತ್ತು. ಮನೆ ತುಂಬ ಜನ. ವಾರದ ಉಳಿದ ದಿನಗಳಲ್ಲಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಇರುವ ನಮ್ಮ ಭಟ್ಟರು ಆ ಹೊಳೆಯುವ ಬಟ್ಟಲಿಗೆ ಹಾಲು ಮೊಸರು ಜೇನು ಸುರಿದು ಮಂತ್ರ ಹೇಳುತ್ತಿದ್ದರು. ಕಥೆ ಮುಗಿಯಿತು. ಮಂಗಳಾರತಿ ಆಯಿತು. ಭಟ್ಟರು ಬಟ್ಟಲು ಹಿಡಿದು ಎದ್ದರು. ಮೊದಲು ಶೈಲಕ್ಕ ಕೈ ಚಾಚಿದರು.

ನಾನು ಕೂಗಿದೆ. ಇದನ್ನು ನಂಬಿ, ಕೂಗಿದೆ.

"ಅದು ಕುಡೀಬೇಡಿ! ಅದರಲ್ಲಿ ವಿಷ ಉಂಟು!"

ಭಟ್ಟರ ಕೈ ನಿಂತಿತು. ಆಮೇಲೆ ಹಿಂದಿನಿಂದ ಯಾವುದೋ ಹುಡುಗ, "ಜಹರ್ ಹೈ ಸಂತೋಸ್!" ಎಂದ. ಇಡೀ ಮನೆ ನಕ್ಕಿತು. ಗುರುರಾಜ್ ಮಣೆಯ ಮೇಲಿಂದಲೇ ಹೊಟ್ಟೆ ಹಿಡಿದುಕೊಂಡರು. "ಪೂಜೇಲೂ ಶುರು ಮಾಡಿದ್ನಲ್ಲಪ್ಪ ಇವನು!" ಭಟ್ಟರೂ ನಕ್ಕರು. ಎಲ್ಲರೂ ನನ್ನ ಕಡೆ ತಿರುಗಿ ಮುಂದಿನದಕ್ಕೆ ಕಾದರು — ಐಟಮಿನ ಎರಡನೇ ಸಾಲಿಗೆ.

ಆ ಕ್ಷಣ ನನ್ನದಾಗಿತ್ತು. "ಇಲ್ಲ ನಗಬೇಡಿ, ನಿಜ ಹೇಳ್ತಿದ್ದೇನೆ" — ಅಷ್ಟು ಹೇಳಿದ್ದರೆ ಸಾಕಿತ್ತು. ಎರಡು ಹೆಜ್ಜೆ ಮುಂದೆ ಹೋಗಿ ಬಟ್ಟಲನ್ನು ತಟ್ಟಿ ಬೀಳಿಸಿದ್ದರೂ ಸಾಕಿತ್ತು. ಆದರೆ ಆ ಮುಖಗಳು... ಅಷ್ಟೊಂದು ಮುಖಗಳು, ನಗಲು ತಯಾರಾಗಿ. ನಾನು ಜೀವಮಾನವಿಡೀ ದುಡಿದದ್ದೇ ಆ ಮುಖಗಳಿಗಾಗಿ. ಹೊಟ್ಟೆ ಮುಂದೆ ದೂಡಿದೆ. ಬೆರಳು ಜೋಡಿಸಿದೆ.

"ಕಮ್ಮಾಮ್ ಲಗಾವ್!"

ಚಪ್ಪಾಳೆ. ಶೈಲಕ್ಕ ನಗುತ್ತ ನಗುತ್ತಲೇ ಅಂಗೈಯಲ್ಲಿದ್ದದ್ದನ್ನು ಕುಡಿದರು. ಕೈಯನ್ನು ಹೊಟ್ಟೆಯ ಮೇಲಿಟ್ಟು ಮತ್ತೆ ಚಾಚಿದರು. "ಇನ್ನೊಂದು ಹಾಕಿ ಭಟ್ರೆ, ಒಳಗಿರೋಳಿಗೆ."

ನನ್ನ ಸರದಿ ಬಂದಾಗ ನಾನೂ ಕುಡಿದೆ. ಅದರಿಂದ ಏನೂ ಸರಿಹೋಗುವುದಿಲ್ಲ, ಸುಮ್ಮನೆ ಹೇಳಿದೆ.

ಆಮೇಲೆ ನಾನು ಬುದ್ಧಿವಂತನಾದೆ. ಹೊಸ ಮೆಷಿನ್ನು ಬಂದಿದೆ, ಇನ್ನೂ ಚೆನ್ನಾಗಿ ಮಾಡಿ ಕೊಡ್ತೇನೆ ಎಂದು ಎಲ್ಲ ಮನೆಗಳಿಂದಲೂ ಸಾಮಾನು ಒಟ್ಟು ಮಾಡಿದೆ. ಮೆಷಿನ್ನಿಗೆ ಹಾಕಲಿಲ್ಲ. ನನ್ನ ರೂಮಿನ ಬಚ್ಚಲಲ್ಲಿ ಕೂತು ಸೋಪು ಹಾಕಿ, ಹುಣಸೆಹಣ್ಣು ಹಾಕಿ, ಮತ್ತೆ ಸೋಪು ಹಾಕಿ ಕೈಯಲ್ಲೇ ತಿಕ್ಕಿದೆ. ವರ್ಕ್‌ಶಾಪಿನ ಹೊಸ ಡ್ರಮ್ಮಿನಿಂದ ಮೊದಲ ದಿನ ಸುರಿದ ನೀರು ನೋಡಿದ್ದೆ — ಡಾಂಬರಿನಂತೆ ಕಪ್ಪು. ಅಷ್ಟು ದಿನ ಗಾಳಿಯಲ್ಲಿ ಹಾರುತ್ತಿದ್ದದ್ದು, ತರಿಯಲ್ಲಿ ಕೂತಿದ್ದದ್ದು, ಇದೇ ಎಂದು ಗೊತ್ತಾಗಿತ್ತು. ಸಾಮಾನು ಹಿಂದಿರುಗಿಸಿ, "ಇನ್ನು ಕ್ಲಬ್ಬಿನವರು ಬಿಡುವುದಿಲ್ಲ, ಕೊನೇ ಸಲ" ಎಂದೆ. ಎಲ್ಲರೂ ಥ್ಯಾಂಕ್ಸ್ ಹೇಳಿದರು. ತೆಗೆದುಕೊಂಡೆ. ಬಟ್ಟಲು ತೊಳೆದೆ, ಬಾಯಿ ತೆರೆಯಲಿಲ್ಲ. ಇದನ್ನು ಯಾರಾದರೂ ನನ್ನ ಪರವಾಗಿ ಎತ್ತಿದರೆ ನನಗೆ ಸಿಟ್ಟು ಬರುತ್ತದೆ. ಪಾತ್ರೆ ತೊಳೆದದ್ದು ಸಾಕ್ಷಿ ಅಳಿಸಿದ ಹಾಗೆಯೇ ಅಲ್ವಾ?

ಮಗು ಹುಟ್ಟಿತು. ಇಳಾ. ಗುಂಡಗೆ, ಬೆಳ್ಳಗೆ, ನನ್ನ ಮೂಗು ಹಿಡಿದರೆ ಬಿಡುತ್ತಿರಲಿಲ್ಲ. ನಾನು ಅವಳಿಗೆ ಬೆಕ್ಕಾದೆ, ಪಾರಿವಾಳವಾದೆ, ರಿವರ್ಸು ಬರುವ ನೀರಿನ ಲಾರಿಯಾದೆ. ಅವಳು ಕೇಕೆ ಹಾಕುತ್ತಿದ್ದಳು. ಆದರೆ ಮಾತು ಬರಲಿಲ್ಲ. ಓರಗೆಯ ಮಕ್ಕಳೆಲ್ಲ ಅಮ್ಮ, ಅಪ್ಪ, ನೋ, ಮೈನ್ ಎನ್ನುವಾಗ ಅವಳು ಬೆರಳು ತೋರಿಸುತ್ತಿದ್ದಳು. ಮೂರನೇ ವರ್ಷಕ್ಕೆ ಬಂದ ಮಾತೂ ಅರ್ಧರ್ಧ. ಬಾಯಿ ಶಬ್ದವನ್ನು ಹುಡುಕುತ್ತದೆ, ಸಿಗುವುದಿಲ್ಲ, ಅವಳಿಗೆ ರೇಗುತ್ತದೆ, ಕೈಯಲ್ಲಿದ್ದದ್ದನ್ನು ಎಸೆಯುತ್ತಾಳೆ. ಜನ ಸಮಾಧಾನ ಹೇಳಿದರು. ಮನೆಯಲ್ಲಿ ಕನ್ನಡ, ಆಯಾ ಹಿಂದಿ, ಹೊರಗೆ ಇಂಗ್ಲಿಷು-ಅರಬ್ಬಿ. ಇಲ್ಲಿ ಮಕ್ಕಳಿಗೆ ಮಾತು ತಡ. ಇರಬಹುದು. ನಾನೂ ತಲೆಯಾಡಿಸಿದೆ. ಆದರೆ ನನ್ನ ಕಿವಿ ಬೇರೆಯವರ ದನಿ ತಿಂದು ಬದುಕುವ ಕಿವಿ. ಆ ಮಗು ಒಂದು ಅಕ್ಷರಕ್ಕಾಗಿ ತಡಕಾಡುವುದು ಪ್ರತಿ ಶುಕ್ರವಾರ ಅದರೊಳಗೆ ಹೋಗುತ್ತಿತ್ತು.

ಅಷ್ಟಾದರೂ ಹೇಳುತ್ತಿರಲಿಲ್ಲವೇನೋ. ನನ್ನ ಬಗ್ಗೆ ನನಗೆ ಗೊತ್ತು. ಹೇಳುವ ಹಾಗೆ ಮಾಡಿದ್ದು ಒಂದು ಗ್ರಹಣ.

ಈ ವರ್ಷ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಶೈಲಕ್ಕ ಅಡುಗೆಕಟ್ಟೆಯ ಮೇಲೆ ಫೋನು ಒರಗಿಸಿ ಮೈಸೂರಿನ ಅತ್ತೆಯ ಜೊತೆ ವಿಡಿಯೋ ಕಾಲಿನಲ್ಲಿದ್ದರು. ಇಳಾ ಏನೋ ಕೇಳಿದಳು, ಅರ್ಧ ಮಾತು, ಅಜ್ಜಿಗೆ ತಿಳಿಯಲಿಲ್ಲ. ಅಜ್ಜಿ ನಿಟ್ಟುಸಿರು ಬಿಟ್ಟರು. "ಅವತ್ತೇ ಬಡ್ಕೊಂಡೆ, ಗ್ರಹಣದ ದಿನ ಬಸುರಿ ಹೆಂಗ್ಸು ಹೊರಗೆ ಹೋಗ್ಬಾರ್ದು ಅಂತ. ಬ್ಯಾಂಕು ಒಂದು ದಿನ ನಿಲ್ತಿತ್ತಾ? ನೋಡೀಗ."

ಶೈಲಕ್ಕ ಜಗಳವಾಡುತ್ತಾರೆ ಎಂದುಕೊಂಡೆ. ಆಡುವವರೇ ಅವರು. ಆದರೆ "ಹೌದಮ್ಮ" ಎಂದರು. ಫೋನು ಇಟ್ಟ ಮೇಲೆ ಹುಳಿ ಕಲಕುತ್ತ, ನನಗೆ ಬೆನ್ನು ಮಾಡಿಯೇ ಹೇಳಿದರು. "ನಾನು ಇದನ್ನೆಲ್ಲ ನಂಬೋಳಲ್ಲ ಸಂತು. ಆದ್ರೆ ಬೇರೆ ಏನು ಮಾಡ್ದೆ ನಾನು? ಸಿಗರೇಟಿಲ್ಲ, ಔಷಧಿ ಇಲ್ಲ, ಬಿದ್ದಿಲ್ಲ. ಎಲ್ಲಾ ಸರಿಯಾಗೇ ಮಾಡಿದ್ದೆ. ಅದೊಂದೇ... ಪಾರ್ಕಿಂಗಿಂದ ಆಫೀಸಿಗೆ ನಡ್ಕೊಂಡು ಹೋದೆ. ಆಕಾಶ ಕೂಡ ನೋಡ್ಲಿಲ್ಲ."

ಬ್ಯಾಂಕಿನಲ್ಲಿ ದೊಡ್ಡ ದೊಡ್ಡವರನ್ನು ಕೂರಿಸಿ ಪ್ರಶ್ನೆ ಕೇಳುವ ಹೆಂಗಸು. ಇಷ್ಟು ವರ್ಷ ಆ ಒಂದು ನಡಿಗೆಯನ್ನು ಹೊತ್ತು ತಿರುಗುತ್ತಿದ್ದರು. ನಾನು ಸುಮ್ಮನಿದ್ದ ಜಾಗದಲ್ಲಿ ಆಕೆ ತನ್ನನ್ನೇ ತಂದು ನಿಲ್ಲಿಸಿಕೊಂಡಿದ್ದರು.

ತಟ್ಟೆ ಸರಿಸಿ ಎದ್ದೆ. ಹೇಳಿದೆ. ಬೋಗುಣಿ, ತರಿ, ಧೂಳು, ತೊಳೀಬೇಡಿ ಎಂದದ್ದು, ವಿಡಿಯೋ, ಪೂಜೆ, ಬಚ್ಚಲಲ್ಲಿ ತಿಕ್ಕಿದ್ದು — ಎಲ್ಲ. ನನ್ನ ದನಿಯಲ್ಲಿ. ನನ್ನ ದನಿ ಅಷ್ಟು ಸಪ್ಪೆ ಎಂದು ನನಗೇ ಗೊತ್ತಿರಲಿಲ್ಲ.

ಶೈಲಕ್ಕ ಸೌಟು ಕೆಳಗಿಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು. "ಅವತ್ತು ನಾನು ನಿನ್ನ ಮುಖ ನೋಡ್ದೆ ಕಣೋ. ನೀನು ಕೂಗಿದಾಗ. ಏನೋ ಇದೆ ಅನ್ನಿಸ್ತು. ಆಮೇಲೆ ನೀನು ಹೊಟ್ಟೆ ಮುಂದೆ ಮಾಡ್ಕೊಂಡು ಕುಣಿದೆ. ಸರಿ, ತಮಾಷೆ ಅಂದ್ಕೊಂಡೆ... ನೀನು ಕುಣೀದೇ ಇದ್ದಿದ್ರೆ ನಾನು ಕುಡೀತಿರಲಿಲ್ಲ."

 

"ಹೋಗು" ಎಂದರು. ಹೋದೆ.

ಇಳಾಳ ರಕ್ತ ಪರೀಕ್ಷೆ ಮಾಡಿಸಿದರು. ಈಗ ಏನೂ ಇಲ್ಲ. ಆಗ ಇತ್ತೇ, ಎಷ್ಟಿತ್ತು, ಮಾತು ತಡವಾದದ್ದು ಅದರಿಂದಲೋ — ಇನ್ನು ಹೇಳಲು ಬರುವುದಿಲ್ಲವಂತೆ. ಸ್ಪೂನಿನಷ್ಟು ತೀರ್ಥ, ಅದರಲ್ಲಿ ಎಷ್ಟು ಧೂಳು, ಏನೂ ಆಗದೆಯೂ ಇದ್ದಿರಬಹುದು ಎಂದರಂತೆ ಡಾಕ್ಟರು. ವಿಷಯ ತಿಳಿದ ನಾಲ್ಕಾರು ಮಂದಿ ಇದನ್ನು ನನಗೆ ಸಿಹಿ ಸುದ್ದಿಯಂತೆ ತಂದು ಕೊಟ್ಟರು. ನೋಡು, ನಿನ್ನಿಂದ ಅಂತ ಯಾರೂ ಹೇಳೋಕಾಗಲ್ಲ! ಹೌದು, ಹೇಳೋಕಾಗಲ್ಲ. ಆಗಲೇ ಬಾಯಿಬಿಟ್ಟಿದ್ದರೆ ಆಗಲೇ ಒಂದು ಸೂಜಿ ಚುಚ್ಚಿ ನೋಡಬಹುದಿತ್ತು; ಆ ತಾಯಿಗೆ ಹೌದು ಅಥವಾ ಅಲ್ಲ ಎಂಬ ಒಂದು ಉತ್ತರ ಸಿಗುತ್ತಿತ್ತು. ಆ ಉತ್ತರವನ್ನು ಕದ್ದವನು ನಾನೇ. ಕದ್ದ ಮಾಲು ಸಿಗುತ್ತಿಲ್ಲ ಎಂದು ಕಳ್ಳನನ್ನು ಬಿಟ್ಟುಬಿಡಿ ಎನ್ನುತ್ತಾರೆ ಇವರು. ಇವರ ನ್ಯಾಯ ನನಗೆ ಬೇಡ.

ಇನ್ನು ಉಳಿದ ಮನೆಗಳು. ಕೂಟದ ಹಿರಿಯರೊಬ್ಬರು ನನ್ನನ್ನು ರಾಯ್ ಬಡಾವಣೆಯ ತಮ್ಮ ಶೋರೂಮಿಗೆ ಕರೆಸಿ, ಚಹಾ ಕುಡಿಸಿ ಹೇಳಿದರು. "ಆದದ್ದು ಆಯ್ತು ಮಾರಾಯ. ಈಗ ಮನೆ ಮನೆಗೆ ಹೋಗಿ ಎಂತಕ್ಕೆ ಹೆದರಿಸುವುದು? ಹೆಂಗಸರು ರಂಪ ಮಾಡ್ತಾರೆ. ನಿನ್ನ ಕೆಲಸಕ್ಕೂ ಕುತ್ತು ಬರಬಹುದು, ಇಕಾಮಾ ಗಿಕಾಮಾ ರದ್ದಾಗಿ ಊರಿಗೆ ಕಳಿಸಿಯಾರು. ಖಲಾಸ್ ಮಾಡು."

ಮಾಡಲಿಲ್ಲ. ಪಾಲಿಶು ಮಾಡಿ ಕೊಟ್ಟ ಪ್ರತಿ ಮನೆಗೂ ಹೋದೆ. ಮಕ್ಕಳಿಗೆ ಪರೀಕ್ಷೆ ಮಾಡಿಸಿ ಎಂದೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಒಬ್ಬರು, "ಇದ್ಯಾರ ದನಿಯೋ, ಹೊಸ ಐಟಮ್ಮಾ?" ಎಂದು ನಕ್ಕರು, ನಗು ಮುಗಿಯುವವರೆಗೆ ಕಾದು ಮತ್ತೆ ಹೇಳಿದೆ. ಒಂದು ಮನೆಯ ಅಜ್ಜಿ ಒಳಗೆ ಹೋಗಿ ಆರತಿ ತಟ್ಟೆ ತಂದು ನನ್ನ ಕಾಲ ಬಳಿ ಇಟ್ಟು ಬಾಗಿಲು ಹಾಕಿಕೊಂಡರು. ಮ್ಯಾನೇಜರಿಗೂ ಹೇಳಿದೆ. ನನ್ನನ್ನು ಟಂಬ್ಲರಿನಿಂದ ತೆಗೆದು ಸುಲೈಬಿಯಾದ ಗೋದಾಮಿಗೆ ಹಾಕಿದ್ದಾರೆ. ಪೆಟ್ಟಿಗೆ ಎತ್ತುತ್ತೇನೆ. ಹೋಗುವ ಮೊದಲು ನನ್ನ ಜಾಗಕ್ಕೆ ಬಂದ ನೇಪಾಳದವನ ಮೂಗಿಗೆ ನಾನೇ ಮಾಸ್ಕು ಕಟ್ಟಿದೆ. ಅವನು ನಕ್ಕ. ನಾನು ನಗಲಿಲ್ಲ. ಸಬ್ರಿ ನೋಡಿದರು.

ಹೋದ ವಾರ ಗುರುರಾಜ್ ಸಿಕ್ಕಿದರು, ಶುವೈಖಿನ ಒಂದು ಗ್ಯಾರೇಜಿನ ಮುಂದೆ. ಕಾರು ರಿಪೇರಿಗೆ ಬಿಟ್ಟಿದ್ದರು. ಮುಖ ತಿರುಗಿಸುತ್ತಾರೆ ಎಂದುಕೊಂಡೆ, ತಿರುಗಿಸಲಿಲ್ಲ. ಹತ್ತಿರ ಬಂದರು. ಕೈ ಕೊಡಲಿಲ್ಲ.

"ಯಾಕೋ ಹೇಳ್ದೆ?" ಎಂದರು. "ಮೊದ್ಲು ಹೇಳ್ಬೇಕಿತ್ತು, ಇಲ್ಲಾ ಹೇಳ್ಲೇಬಾರ್ದಿತ್ತು. ಇದ್ಯಾವ ಸೀಮೆ ಟೈಮಿಂಗು? ನಿನ್ಗೆ ಹಗುರ ಆಯ್ತು, ಅಲ್ವಾ?"

"ಇಲ್ಲ" ಎಂದೆ. ನಿಜ. ಆಗಿಲ್ಲ.

ಅವರು ರಸ್ತೆಯ ಕಡೆ ತಿರುಗಿದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ — "ಮೊನ್ನೆ ಅಮ್ಮ ಮತ್ತೆ ಗ್ರಹಣದ ಮಾತೆತ್ತಿದ್ರು. ಶೈಲಾ ಫೋನು ಕಿತ್ಕೊಂಡ್ಳು. ಗ್ರಹಣ ಅಲ್ಲ, ಸಂತು, ಅಂದ್ಳು. ಅಷ್ಟೇ ಅಂದಿದ್ದು. ಅಮ್ಮಂಗೂ ಈಗ ಅದೇ ಬಾಯಿಪಾಠ. ಮಗು ಒಂದು ಮಾತು ತಪ್ಪಿದ್ರೆ ಆ ಸಂತು, ಆ ಸಂತು ಅಂತ ಶಾಪ ಹಾಕ್ತಾರೆ."

"ಶೈಲಕ್ಕ?"

"ಅವ್ಳೇನೂ ಅನ್ನಲ್ಲ. ಈಗ ರಾತ್ರಿ ನಿದ್ದೆ ಬರುತ್ತೆ ಅವ್ಳಿಗೆ."

ಹೊರಟುಹೋದರು.

ಶಾಪ ಹಾಕಲಿ. ಆ ಮನೆಯಲ್ಲಿ ಮಗುವಿನ ಮಾತು ತಪ್ಪಿದ್ದಕ್ಕೆ ಯಾರದಾದರೂ ಒಂದು ಹೆಸರು ಬೇಕೇ ಬೇಕೆಂದಿದ್ದರೆ ಅದು ನನ್ನದೇ ಇರಲಿ. ತೆಗೆಯಿರಿ ಎಂದು ನಾನು ಯಾವತ್ತೂ ಕೇಳುವುದಿಲ್ಲ.